ಜರ್ಮನ್ ಕಲಿಕೆ: ಮಾತಿನ ಭಯ ಬಿಡಿಸಿ
ಜರ್ಮನಿಗೆ ಹೋಗಲು ತಯಾರಾಗುತ್ತಿರುವ ನಮ್ಮ ನರ್ಸ್‌ಗಳಿಗೆ ವ್ಯಾಕರಣಕ್ಕಿಂತ ಜಾಸ್ತಿ ತೊಡಕಾಗಿರುವುದು ಮಾತಾಡುವ ಭಯ. ಅಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಮಧ್ಯಮಕ್ಕಿಂತ ತುಸು ಮೇಲಿನ, ಜರ್ಮನ್ ಬೇಕು. ನಾಮಪದಗಳ ಲಿಂಗ ತೋರಿಸುವ ಡೇರ್, ಡೀ, ದಾಸ್ ಎಲ್ಲ ಬಾಯಿಪಾಠ ಇರುತ್ತದೆ. ಎದುರಿಗೆ ಪರೀಕ್ಷಕರು ಕುಳಿತರೆ ಸಾಕು, ಗೊತ್ತಿರುವ ವಾಕ್ಯವೂ ಗಂಟಲಲ್ಲೇ ನಿಲ್ಲುತ್ತದೆ. ಭಾಷಾ ತರಗತಿಯ ಈ ಅಂಜಿಕೆಯನ್ನು ಅಳೆಯಲು ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲೇ 33 ಹೇಳಿಕೆಗಳ ಪ್ರಶ್ನಾವಳಿ ರೂಪಿಸಿದ್ದರು. ಆದರೂ ನಮ್ಮಲ್ಲಿ ಇದನ್ನು ದಡ್ಡತನ ಎಂದೇ ನೋಡುತ್ತಾರೆ.

ಚಾಟ್‌ಜಿಪಿಟಿಯಂಥ ಎಐ ಸಾಧನಗಳು ಇಲ್ಲಿ ನಿಜಕ್ಕೂ ನೆರವಾಗುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರು ‘ಎಲ್ಲಿ ನೋವು?’ ಎಂದು ಕೇಳುವುದನ್ನು ಹತ್ತು ಸಲ ತಪ್ಪಾಗಿ ಹೇಳಿದರೂ ಯಾರೂ ನಗುವುದಿಲ್ಲ, ಮುಖ ಸಿಂಡರಿಸುವುದಿಲ್ಲ. ಆದರೆ ನೋವಿನಲ್ಲಿರುವ ಅಜ್ಜಿ ತನ್ನೂರಿನ ಧಾಟಿಯಲ್ಲಿ ಗಡಿಬಿಡಿಯಾಗಿ ಮಾತಾಡಿದಾಗ ಆಗುವ ಗಾಬರಿಗೆ ಫೋನ್ ಅಭ್ಯಾಸವೊಂದೇ ಸಾಲದು, ಅಲ್ವಾ? ಅದಕ್ಕೆ ಎದುರಿಗೆ ಮನುಷ್ಯರೇ ಬೇಕು.

ನರ್ಸಿಂಗ್ ಕಾಲೇಜುಗಳು, ತರಬೇತಿ ಕೇಂದ್ರಗಳು ಮನೆಯಲ್ಲಿ ಎಐ ಜೊತೆ ಮಾತಾಡಿ ಬರಲು ಹೇಳಲಿ. ತರಗತಿಯ ಹೊತ್ತನ್ನು ಇಬ್ಬಿಬ್ಬರ ಸಂಭಾಷಣೆಗೆ ಬಿಡಲಿ. ತಪ್ಪುಗಳನ್ನು ಮಾತಿನ ಮಧ್ಯೆ ಅಲ್ಲ, ಮುಗಿದ ಮೇಲೆ ತಿದ್ದಲಿ. ಈಗಾಗಲೇ ಅಲ್ಲಿ ಕೆಲಸ ಮಾಡುತ್ತಿರುವ ನಮ್ಮವರನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗ, ಮಂಗಳೂರು