ಧಾರೆ ಸೀರೆ ಡಿಕ್ಕೀಲಿ ಹಾಕ್ಬೇಡಿ

ಸಂಪಾದಕರೇ,

ಹೋದ್ ತಿಂಗಳು ನಮ್ ತಂಗಿ ಮದ್ವೆ ಸಿರಸೀಲಿ. ಧಾರೆ ಸೀರೆ ತಗೊಂಡಿದ್ದು ಬೆಂಗಳೂರಲ್ಲಿ, ನಾಕು ಅಂಗಡಿ ಸುತ್ತಿ, ಅಸಲಿ ರೇಷ್ಮೆ ಅಂತ ಹೇಳೋ ಸಿಲ್ಕ್ ಮಾರ್ಕ್ ಲೇಬಲ್ ನೋಡಿ, ಅಮ್ಮ ಅಂತೂ ಸೆರಗಿನ ತುದೀದು ಒಂದೆಳೆ ಕಿತ್ತು ಸುಟ್ಟು ಕೂದ್ಲು ಸುಟ್ಟ ವಾಸ್ನೆ ಬಂತಾ ಅಂತ ಮೂಸಿ ನೋಡಿದ್ಮೇಲೇ ದುಡ್ಡು ಕೊಟ್ಟಿದ್ದು. ಇಷ್ಟೆಲ್ಲಾ ಜಾಣತನ ಮಾಡಿದ ನಾವೇ ಅದನ್ನ ಅಂಗಡಿಯ ರಟ್ಟಿನ ಡಬ್ಬಿ ಸಮೇತ ರಾತ್ರಿ ಬಸ್ಸಿನ ಡಿಕ್ಕೀಲಿ ಹಾಕಿದ್ವಿ ನೋಡಿ! ದಾರೀಲಿ ಮಳೆ. ಬೆಳಿಗ್ಗೆ ತೆಗ್ದ್ರೆ ಡಬ್ಬಿ ಮೆತ್ತಗಾಗಿ, ಕೆಂಪು ಅಂಚಿನ ಬಣ್ಣ ಕೆನೆ ಬಣ್ಣದ ಒಡಲಿಗೆ ಅಂಗೈ ಅಗಲ ಇಳಿದಿತ್ತು. ತಂಗಿ ಅಳ್ಲಿಲ್ಲ, ಸುಮ್ನೆ ಅದ್ನೇ ನೋಡ್ತಾ ಕೂತ್ಲು, ಅದೇ ಕಷ್ಟ ಆಗಿದ್ದು. ಕೊನೆಗೆ ಆ ಕಲೆ ನೆರಿಗೆ ಒಳಗೆ ಹೋಗೋ ಹಾಗೆ ಉಡ್ಸಿದ್ರು ನಮ್ಮತ್ತೆ.

ಬಸ್ಸಿನವ್ರನ್ನ ಕೇಳಿದ್ರೆ "ಲಗೇಜ್ ನಿಮ್ ಜವಾಬ್ದಾರಿ" ಅಂದ್ರು. ಸರಿ ಸ್ವಾಮಿ, ಆದ್ರೆ ಡಿಕ್ಕಿ ಬಾಗಿಲಿನ ರಬ್ಬರ್ ಹರಿದಿದ್ರೆ ಅದೂ ನಮ್ದೇನಾ? ಮಳೆಗಾಲಕ್ಕೆ ಮುಂಚೆ ಇದನ್ನ ಚೆಕ್ ಮಾಡಿಸ್ಬೇಕು ಅಂತ ಸಾರಿಗೆ ಇಲಾಖೆಯವ್ರು ಹೇಳ್ಬಾರ್ದಾ.

ಮದ್ವೆ ಇರೋರಿಗೆ ಒಂದ್ ಮಾತು, ಸೀರೇನ ಹಳೇ ಕಾಟನ್ ಪಂಚೇಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ ತೊಡೆ ಮೇಲೇ ಇಟ್ಕೊಳ್ಳಿ, ಊರಿಗೆ ಹೋದ ತಕ್ಷಣ ಪ್ಲಾಸ್ಟಿಕ್ ತೆಗೀರಿ. ನುಸಿ ಗುಳಿಗೆ ಜರಿಗೆ ತಾಗಿಸ್ಬೇಡಿ, ಕಪ್ಪಾಗತ್ತೆ.

- ನೊಂದ ಅಣ್ಣ, ಬೆಂಗಳೂರು