ದೊಡ್ಡಮ್ಮನ ಬಾಯಿ ಜೋರು

ಪ್ರೀತಿಯ ಮಗಳೇ,

ದೊಡ್ಡಮ್ಮನ ಉತ್ತರಕ್ರಿಯೆ ನಿನ್ನೆ ಮುಗಿಯಿತು. ರಜೆ ಸಿಗಲಿಲ್ಲ ಅಂತ ನೀನು ಬೇಜಾರು ಮಾಡಿಕೊಳ್ಳಬೇಡ. ತೊಂಬತ್ತು ದಾಟಿದ ಜೀವ. ಹಿಂದಿನ ದಿನ ಕೂಡ ಚಹಾ ತಣ್ಣಗಾಗಿದೆ ಅಂತ ವಾಪಸ್ ಕಳಿಸಿದ್ದರು. ಹಾಸಿಗೆ ಹಿಡಿಯದೆ ಹೋದರು, ಅದೇ ದೊಡ್ಡದು.

ಫೋನಿನಲ್ಲಿ ನೀನು ಕೇಳಿದೆಯಲ್ಲ, ಎಲ್ಲರ ಹತ್ತಿರ ಜಗಳ ಆಡುತ್ತಿದ್ದವರಿಗೆ ಇಷ್ಟು ಜನ ಹೇಗೆ ಸೇರಿದರು ಅಂತ. ಆಗ ಮನೆ ತುಂಬ ಜನ, ಹೇಳಲು ಆಗಲಿಲ್ಲ. ಈಗ ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ.

ಅವರ ಬಾಯಿ ಜೋರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಿಯಾಗಿ ನೆನಪು ಮಾಡಿಕೋ. ಹೆಚ್ಚಿನ ಸಲ ಅವರು ಲೆಕ್ಕ ಕೇಳುತ್ತಿದ್ದರು. ಗಣಪತಿ ವಂತಿಗೆಯ ಲೆಕ್ಕ, ನೀರಿನ ಟ್ಯಾಂಕ್ ತೊಳೆಸಿದ ಲೆಕ್ಕ, ರೇಷನ್ ಅಂಗಡಿಯವನು ತೂಗಿದ ಸಕ್ಕರೆಯ ಲೆಕ್ಕ. ಕೊಡಬೇಕಾದವರಿಗೆ ಅದು ಜಗಳ ಅನಿಸುತ್ತಿತ್ತು.

ಉಡುಪಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಮುಂಬೈಯ ಗೋರೆಗಾಂವ್‌ನ ಚಾಳಿಗೆ, ಅಂದರೆ ವಠಾರಕ್ಕೆ, ಬಂದಾಗ ಅವರಿಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ದೊಡ್ಡಪ್ಪ ಹಗಲು ಹೋಟೆಲಿನ ಗಲ್ಲದಲ್ಲಿ ಕೂರುತ್ತಿದ್ದರು, ರಾತ್ರಿ ಶಾಲೆಯಲ್ಲಿ ಓದುತ್ತಿದ್ದರು. ನಲ್ಲಿ ನೀರು ಬರುವುದು ನಸುಕಿನಲ್ಲಿ. ದೊಡ್ಡಮ್ಮ ಕೊಡ ಇಟ್ಟುಕೊಂಡು ಅಲ್ಲೇ ಮರಾಠಿ ಕಲಿತರಂತೆ. ಅದೂ ಮೊದಲು ಬೈಗುಳ, ಆಮೇಲೆ ಉಳಿದದ್ದು.

ಆ ಕಾಲದ ಗೋರೆಗಾಂವ್ ಅಂದರೆ ಮೃಣಾಲ್ ಗೋರೆಯವರ ಊರು. ನೀರಿಗಾಗಿ ಹೋರಾಡಿ ‘ಪಾನಿವಾಲಿ ಬಾಯಿ’, ಅಂದರೆ ನೀರಿನ ಹೆಂಗಸು, ಅಂತಲೇ ಹೆಸರಾದವರು. 1972ರಲ್ಲಿ ಮಹಾರಾಷ್ಟ್ರದಲ್ಲಿ ಬರ ಬಿತ್ತು. ಬೆಲೆ ಕೈಗೆ ಸಿಗದ ಹಾಗೆ ಏರಿತು. ಆಗ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮುಂತಾದವರು ಬೇರೆ ಬೇರೆ ಪಕ್ಷದ ಹೆಂಗಸರನ್ನು ಸೇರಿಸಿ ಸಮಿತಿ ಕಟ್ಟಿದರು. ಲಟ್ಟಣಿಗೆಯಿಂದ ತಟ್ಟೆ ಬಡಿಯುತ್ತಾ ಹೆಂಗಸರ ಮೋರ್ಚಾ ಹೊರಟಿತು. ನಮ್ಮ ದೊಡ್ಡಮ್ಮ ಮನೆಯಲ್ಲಿ ಹೇಳದೆ ಹೊರಟರು. ಗಂಜಿ, ದೋಸೆಯ ಮನೆ, ಲಟ್ಟಣಿಗೆ ಎಲ್ಲಿಂದ ಬರಬೇಕು? ಪಕ್ಕದ ಮರಾಠಿಯವರಿಂದ ಕಡ ತೆಗೆದುಕೊಂಡು ಹೋದರು. ತಟ್ಟೆ ಮಾತ್ರ ಸ್ವಂತದ್ದು, ದೊಡ್ಡಪ್ಪ ಉಣ್ಣುವುದು. ರಾತ್ರಿ ಅದೇ ನೆಗ್ಗಿದ ತಟ್ಟೆಯಲ್ಲಿ ಅನ್ನ ಬಡಿಸಿದರು. ದೊಡ್ಡಪ್ಪ ಅದನ್ನು ಒಮ್ಮೆ ತಿರುಗಿಸಿ ನೋಡಿದರು, ಏನೂ ಕೇಳದೆ ಉಂಡು ಎದ್ದರಂತೆ. ಈ ಕಥೆ ಹೇಳುವಾಗ ದೊಡ್ಡಮ್ಮ ನಗುತ್ತಿದ್ದದ್ದು ನಿನಗೂ ಗೊತ್ತಲ್ವಾ.

1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋತರು, ಮೃಣಾಲ್ ಗೋರೆ ಗೆದ್ದು ಲೋಕಸಭೆಗೆ ಹೋದರು. ಆಗಿನ ಘೋಷಣೆ, ‘ಪಾನಿವಾಲಿ ಬಾಯಿ ದಿಲ್ಲಿ ಮೇ, ದಿಲ್ಲಿವಾಲಿ ಬಾಯಿ ಪಾನಿ ಮೇ’. ಅಂದರೆ ನೀರಿನ ಹೆಂಗಸು ದಿಲ್ಲಿಯಲ್ಲಿ, ದಿಲ್ಲಿಯ ಹೆಂಗಸು ನೀರಿನಲ್ಲಿ. ಟಿವಿಯಲ್ಲಿ ಯಾವ ಚುನಾವಣೆ ಬಂದರೂ ದೊಡ್ಡಮ್ಮ ಇದನ್ನು ಒಮ್ಮೆ ಹೇಳಿಯೇ ತೀರುತ್ತಿದ್ದರು.

2005ರ ಜುಲೈ 26 ನಿನಗೆ ನೆನಪಿರಲಿಕ್ಕಿಲ್ಲ, ಚಿಕ್ಕವಳು. ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಅಂತ ಆಮೇಲೆ ಪೇಪರಿನಲ್ಲಿ ಓದಿದೆವು. ಮನೆಗೆ ಹೋಗಲಾಗದ ಆಫೀಸಿನವರು ನಮ್ಮ ಚಾಳಿನ ಮೇಲಿನ ವರಾಂಡದಲ್ಲಿ ರಾತ್ರಿ ಕಳೆದರು. ದೊಡ್ಡಮ್ಮ ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸಿ ಉಪ್ಪಿನಕಾಯಿ ಇಟ್ಟರು. ಟೈ ಕಟ್ಟಿದ್ದ ಒಬ್ಬ ಹುಡುಗ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದ. ‘ತೊಳೆಯಲು ನಿನ್ನ ಅಮ್ಮ ಬರುತ್ತಾಳಾ?’ ಅಂತ ಕೇಳಿದರು. ತೊಳೆದ, ಪಾಪ. ಮರುವರ್ಷ ಸಿಹಿ ಡಬ್ಬಿ ಹಿಡಿದುಕೊಂಡು ಅವರನ್ನು ನೋಡಲು ಬಂದಿದ್ದ.

ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವ ಮಾತು ಬಂದಾಗಿನದ್ದು ನಿನಗೆ ಗೊತ್ತಿರಬೇಕು, ನೀನೂ ಇದ್ದೆ. ಬಿಲ್ಡರ್ ಕಡೆಯವರು ಸ್ಯಾಂಪಲ್ ಫ್ಲಾಟ್ ತೋರಿಸಲು ಕರೆದರು. ಒಳಗೆ ಏಸಿ, ಕೈಗೆ ತಂಪು ಜ್ಯೂಸ್. ನಾವೆಲ್ಲ ಗೋಡೆ ಮುಟ್ಟಿ ನೋಡಿ ಚೆಂದ ಚೆಂದ ಅಂದೆವು. ದೊಡ್ಡಮ್ಮ ರವಿಕೆ ಹೊಲಿಯುವ ಟೇಪನ್ನು ಸೊಂಟದಿಂದ ತೆಗೆದು ಒಂದು ತುದಿಯನ್ನು ನಿನ್ನ ಕೈಗೆ ಕೊಟ್ಟರು. ಮೊದಲು ಅಳೆದದ್ದು ಮಂಚ. ಐದಡಿ ಚಿಲ್ಲರೆ. ‘ಇದರಲ್ಲಿ ಮಲಗುವವರು ಯಾರು, ಬಾಲಕೃಷ್ಣನಾ?’ ಅಂದರು. ಸೂಟು ಹಾಕಿದವನಿಗೆ ಕನ್ನಡ ಬರುವುದಿಲ್ಲ, ನಾವು ನಕ್ಕಿದ್ದು ಯಾಕೆ ಅಂತ ಗೊತ್ತಾಗದೆ ಅವನೂ ನಕ್ಕ. ಮಂಚ ಗಿಡ್ಡ ಮಾಡಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಬಾಗಿಲುಗಳನ್ನೂ ಅದಕ್ಕೇ ಹಾಕಿರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ದೊಡ್ಡಮ್ಮ ಒಂದೇ ಹಟ ಹಿಡಿದರು: ಒಟ್ಟು ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗಿನ ಜಾಗ, ಬರೆದರೆ ಸಾಲದು, ಪ್ರತಿ ಕೋಣೆಯ ಉದ್ದ ಅಗಲ ಅಗ್ರಿಮೆಂಟಿನಲ್ಲಿ ಬರಬೇಕು. ಅಲ್ಲಿವರೆಗೆ ಹೆಬ್ಬೆಟ್ಟೂ ಒತ್ತುವುದಿಲ್ಲ. ಅವರಿಗೆ ಸಹಿ ಚೆನ್ನಾಗಿಯೇ ಬರುತ್ತಿತ್ತು ಅನ್ನು. ಇವತ್ತು ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಲ್ಲಬಹುದಾದರೆ ಅದು ಆ ಟೇಪಿನಿಂದ.

ಬೆಳಿಗ್ಗೆ ‘ಕರ್ನಾಟಕ ಮಲ್ಲ’ ಪೇಪರ್ ಬಂದರೆ ಮೊದಲು ನಿಧನ ವಾರ್ತೆ ಓದುವವರು. ‘ನನ್ನದು ಹಾಕಿಸುವಾಗ ಹಳೇ ಫೋಟೊ ಹುಡುಕಬೇಡಿ, ಈಗಿನ ಮುಖ ಏನಾಗಿದೆ?’ ಅನ್ನುತ್ತಿದ್ದರು. ಮಕ್ಕಳು ಹುಡುಕಿ ಹುಡುಕಿ ಹಳೆಯದನ್ನೇ ಹಾಕಿಸಿದರು. ನನಗೆ ಸರಿ ಕಾಣಲಿಲ್ಲ.

ನಿನ್ನೆ ಊಟ ಮುಗಿದ ಮೇಲೆ ಎಲ್ಲರೂ ಅವರನ್ನು ಹೊಗಳಿದ್ದೇ ಹೊಗಳಿದ್ದು. ಅವರ ಸೊಸೆ ಮಾತ್ರ ಪಾತ್ರೆ ಎತ್ತುತ್ತಾ ಸುಮ್ಮನಿದ್ದರು. ನಾನು ಕೈ ಜೋಡಿಸಲು ಹೋದಾಗ ಮೆಲ್ಲಗೆ ಹೇಳಿದರು: ‘ಮೂವತ್ತು ವರ್ಷ ಸಾರು ಮಾಡಿ ಹಾಕಿದೆ. ಉಪ್ಪು ಸರಿಯಾಗಿದೆ ಅಂತ ಒಂದು ದಿನ ಬಾಯಿ ಬಿಡಲಿಲ್ಲ.’ ಅದೂ ನಿಜವೇ. ಊರಿಗೆಲ್ಲ ಲೆಕ್ಕ ಕೇಳಿದವರು ಸೊಸೆ ಮಾಡಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಮಗೇ ಮಂಡಿ ನೋವಿದ್ದರೂ ಕೊನೆಯ ಎರಡು ವರ್ಷ ಅವರನ್ನು ಮೀಯಿಸಿ, ತಲೆ ಬಾಚಿ, ಸೀರೆ ಉಡಿಸಿದ್ದು ಇದೇ ಸೊಸೆ.

ಗಂಡುಮಕ್ಕಳಿಗೆ ಎಲ್ಲರೂ ಫೋನ್ ಮಾಡಿದ್ದಾರೆ. ನೀನು ಸೊಸೆಗೆ ಮಾಡು. ಮಧ್ಯಾಹ್ನ ಮೂರರ ಮೇಲೆ, ಆಗ ಕೈ ಖಾಲಿ ಇರುತ್ತದೆ. ಸಾವಿನ ಮಾತೇ ಆಡಬೇಕು ಅಂತಿಲ್ಲ. ಮಂಡಿ ನೋವು ಹೇಗಿದೆ, ಡಾಕ್ಟರಿಗೆ ತೋರಿಸಿದರಾ ಅಂತ ಕೇಳು.

ಇತಿ,
ನಿನ್ನ ಅಮ್ಮ