ಮೂರು ತಾಸಿನ ತೇರು, ಎರಡು ಪುಟದ ಪಾಠ

ಕೌಲ್ ಬಜಾರ್, ಬಳ್ಳಾರಿ

ಪ್ರೀತಿಯ ಪಲ್ಲವಿಗೆ ದೊಡ್ಡವ್ವನ ಆಶೀರ್ವಾದ.

ನಿನ್ನ ಪತ್ರ ಬಂತು. ಅಂಕದ ವಿಷಯ, ಅಪ್ಪ ಬೈದದ್ದು, ಎಲ್ಲಾ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಎತ್ತುವುದಿಲ್ಲ. ಕೊನೆಯಲ್ಲಿ ನೀನು ಬರೆದ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಗವಿಮಠದ ತೇರಿನ ಚಿತ್ರ ಮೂರು ತಾಸು ಕೂತು ಬರೆದೆ ದೊಡ್ಡವ್ವ. ಸಮಾಜ ವಿಜ್ಞಾನ ಎರಡು ಪುಟ ಓದೋಕೆ ಆಗಲಿಲ್ಲ. ಬೇಕಾದದ್ದಕ್ಕೆ ಮನಸ್ಸು ನಿಲ್ಲುತ್ತೆ ಅಂದ್ರೆ ಎಡಿಎಚ್‌ಡಿ ಅನ್ನೋದು ನನ್ನ ನೆಪ ಅಲ್ವಾ? ನಾನು ಸುಮ್ನೆ ಸೋಮಾರಿ ಇರಬೇಕು."

ಇಲ್ಲ ಮಗಳೆ. ಬೇರೆ ಏನು ಬರೆಯುವ ಮೊದಲೂ ಇದನ್ನು ಹೇಳಿಬಿಡುತ್ತೇನೆ.

ನಿನಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲಿಸಲು ಕಷ್ಟ ಆಗುವ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ ದಿನ ನಾನೂ ಜೊತೆಗಿದ್ದೆ. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಾನು ಒಳಗೆ ಇದನ್ನೇ ಕೇಳಿದ್ದೆ. ಚಿತ್ರ ಬರೆಯಲು ಕೂತರೆ ಊಟಕ್ಕೂ ಏಳುವುದಿಲ್ಲವಲ್ಲ, ಮತ್ತೆ ಗಮನ ಇಲ್ಲ ಅಂತ ಹೇಗೆ ಹೇಳುತ್ತೀರಿ ಅಂತ. ಅವರು ತಾಳ್ಮೆಯಿಂದ ವಿವರಿಸಿದರು. ಈ ಮಕ್ಕಳಿಗೆ ಗಮನ ಇರುತ್ತದೆ. ಅದನ್ನು ಹೇಳಿದ ಕಡೆ ತಿರುಗಿಸುವುದು, ಅಲ್ಲೇ ಹಿಡಿದು ಕೂರಿಸುವುದು ಕಷ್ಟ. ಮನಸ್ಸಿಗೆ ಹಿಡಿಸಿದ ಕೆಲಸಕ್ಕೆ, ಹೊಸದಕ್ಕೆ, ಈಗಲೇ ಮುಗಿಯಬೇಕಾದದ್ದಕ್ಕೆ ತಾನಾಗಿ ಬರುತ್ತದೆ. ಬೇಸರ ತರಿಸುವ ಕೆಲಸಕ್ಕೆ, ಫಲ ಎಲ್ಲೋ ದೂರದಲ್ಲಿರುವ ಕೆಲಸಕ್ಕೆ ಎಷ್ಟು ಕರೆದರೂ ಬರುವುದಿಲ್ಲ. ಮಿದುಳಿನಲ್ಲಿ ಡೋಪಮಿನ್ ಅನ್ನುವುದು ಕೆಲಸ ಮಾಡುವ ರೀತಿಗೂ ಇದಕ್ಕೂ ಸಂಬಂಧ ಇದೆಯಂತೆ. ಹಾಗಾಗಿ ನಿನ್ನ ಮೂರು ತಾಸಿನ ತೇರು ನಿನ್ನ ವಿರುದ್ಧ ಸಾಕ್ಷಿ ಆಗುವುದಿಲ್ಲ. ಆ ಮೂರು ತಾಸೂ ಈ ಎರಡು ಪುಟವೂ ಒಂದೇ ಕಡೆಯಿಂದ ಬಂದವು.

ಇಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ನಾನು ದಿನಾ ನೋಡುವುದನ್ನು ಹೇಳುತ್ತೇನೆ. ಮೆಷಿನ್ ಬೆಲ್ಟ್ ಸಡಿಲ ಆದರೆ ಮೋಟಾರ್ ತಿರುಗುತ್ತಲೇ ಇರುತ್ತದೆ, ಸೂಜಿ ಮಾತ್ರ ಸರಿಯಾಗಿ ಓಡುವುದಿಲ್ಲ. ಪೆಡಲ್ ಎಷ್ಟು ಒತ್ತಿದರೂ ಅಷ್ಟೇ. ಹೊಸದಾಗಿ ಬಂದ ಹುಡುಗಿಯರು ಒತ್ತಿ ಒತ್ತಿ ಕಾಲು ನೋಯಿಸಿಕೊಳ್ಳುತ್ತಾರೆ. ನೀನೂ ರಾತ್ರಿ ಹನ್ನೊಂದರ ತನಕ ಪುಸ್ತಕ ತೆರೆದಿಟ್ಟುಕೊಂಡು ಅಳುತ್ತಾ ಕೂರುತ್ತೀಯ ಅಂತ ಬರೆದಿದ್ದೀಯ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಹತ್ತನೇ ಕ್ಲಾಸಿನಲ್ಲಿ ಗಣಿತ ಫೇಲಾದೆ, ಆಮೇಲೆ ಹೊಲಿಗೆಗೆ ಬಂದೆ, ಅಷ್ಟೇ ಎಲ್ಲರೂ ಹೇಳುವುದು. ಅದಕ್ಕೂ ಮೊದಲಿನದು ಯಾರೂ ಹೇಳುವುದಿಲ್ಲ. ನಾನು ಗಲಾಟೆ ಮಾಡುವ ಹುಡುಗಿ ಅಲ್ಲ. ಮೂರನೇ ಬೆಂಚಿನಲ್ಲಿ ಸುಮ್ಮನೆ ಕೂತು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದೆ. ಒಂದು ಮಾತೂ ಒಳಗೆ ಹೋಗುತ್ತಿರಲಿಲ್ಲ. ಎಬ್ಬಿಸಿ ಕೇಳಿದರೆ ಪ್ರಶ್ನೆ ಏನು ಅಂತಲೇ ತಿಳಿಯುತ್ತಿರಲಿಲ್ಲ. ಒಬ್ಬ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ "ಇವಳಿಗೆ ಬುದ್ಧಿ ಇದೆ, ಮೈಗಳ್ಳಿ" ಅಂದರು. ಬುದ್ಧಿ ಇದೆ ಅಂದದ್ದು ನನಗೆ ನೆನಪು ಉಳಿಯಲಿಲ್ಲ. ಇನ್ನೊಂದು ಉಳಿಯಿತು. ಮದುವೆಯಾಗಿ ಬಂದ ಮೇಲೆ, ಹಾಲು ಉಕ್ಕಿದರೂ ಅದೇ ಮಾತು ನನ್ನ ಬಾಯಲ್ಲೇ ಬರುತ್ತಿತ್ತು.

ಯೂನಿಟ್‌ನಲ್ಲೂ ಹಾಗೇ. ಬೆಳಗಿಂದ ಸಂಜೆ ತನಕ ಬರೀ ಬೆಲ್ಟಿನ ಲೂಪ್ ಹೊಲಿ ಅಂದರೆ ನಾನು ಎಲ್ಲರಿಗಿಂತ ಹಿಂದೆ. ಪೀಸ್ ಲೆಕ್ಕದ ಕೂಲಿ, ಹಿಂದೆ ಬಿದ್ದರೆ ದುಡ್ಡೂ ಕಡಿಮೆ. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಹಿಂದಿನ ಜೇಬಿನ ಡಿಸೈನ್ ಹೊಸದು ಅಂದರೆ ರಾತ್ರಿಯೆಲ್ಲಾ ಕೂತು ನಾನೇ ಮುಗಿಸುತ್ತಿದ್ದೆ. ಮಾಲೀಕರು "ಮನಸ್ಸು ಮಾಡಿದರೆ ಮಾಡ್ತೀಯ, ಮನಸ್ಸು ಮಾಡಲ್ಲ" ಅನ್ನುತ್ತಿದ್ದರು. ನಾನೂ ಹೌದು ಅಂದುಕೊಂಡೆ. ನನಗೂ ನಿನ್ನದೇ ತೊಂದರೆ ಅಂತ ನಾನು ಹೇಳುತ್ತಿಲ್ಲ, ನನ್ನನ್ನು ಯಾವ ಡಾಕ್ಟರೂ ನೋಡಿಲ್ಲ. ಆದರೆ ಇದು ಮನೆತನದಲ್ಲಿ ಹರಿದು ಬರುವುದು ಜಾಸ್ತಿ, ಸುಮ್ಮನೆ ಕೂರುವ ಹುಡುಗಿಯರಲ್ಲಿ ಬೇಗ ಗೊತ್ತಾಗುವುದಿಲ್ಲ ಅಂತ ಡಾಕ್ಟರ್ ಅಂದಾಗ ನನ್ನ ಕೈ ನಡುಗಿತು. ನೀನು ಬಂದಾಗ ನನ್ನ ಮುಖ ನೋಡಿ ಏನಾಯ್ತು ದೊಡ್ಡವ್ವ ಅಂದೆಯಲ್ಲ, ಅದಕ್ಕೇ.

ಗಣಿತ ಫೇಲಾದದ್ದಕ್ಕೆ ನನಗೆ ಈಗ ದುಃಖ ಇಲ್ಲ. ಮತ್ತೆ ಬರೆಯಲು ಯಾರೂ ಹೇಳಲಿಲ್ಲ, ನನಗೂ ಧೈರ್ಯ ಇರಲಿಲ್ಲ, ಅದು ನೋಯುತ್ತದೆ. ಈಗ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಲು ಅವಕಾಶ ಇದೆ. ನಿನಗೆ ಮುಂದಿನ ವರ್ಷ ಅದು ಗೊತ್ತಿರಲಿ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹಾಗೆ ಯೋಚನೆ ಮಾಡಿದವರಲ್ಲಿ ದೊಡ್ಡ ಡಾಕ್ಟರುಗಳೂ ಇದ್ದರು. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಅನ್ನುವ ಮಕ್ಕಳ ಡಾಕ್ಟರ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಬುದ್ಧಿಗೆ ಏನೂ ಕಡಿಮೆ ಇಲ್ಲ ಅಂತ ಅವರಿಗೆ ಕಂಡಿತ್ತು. ಆದರೂ ಅದನ್ನು ನೀತಿಯ ಹಿಡಿತ ತಪ್ಪಿದ್ದು ಅಂತ ಕರೆದರು. ಕಲಿತವರಿಗೇ ಅಲ್ಲಿಂದ ಹೊರಗೆ ಬರಲು ಎಷ್ಟೋ ವರ್ಷ ಬೇಕಾಯಿತು. 2007ರಲ್ಲಿ ಅಮೆರಿಕದವರು ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರಂತೆ. ಉಳಿದ ಮಕ್ಕಳಿಗೆ ಏಳೂವರೆ ವರ್ಷದ ಹೊತ್ತಿಗೆ ಕಂಡ ಬೆಳವಣಿಗೆ ಈ ಮಕ್ಕಳಿಗೆ ಹತ್ತೂವರೆ ವರ್ಷದ ಹೊತ್ತಿಗೆ ಕಂಡಿತು. ಬೆಳೆಯುವ ಕ್ರಮ ಅದೇ, ತಡ ಅಷ್ಟೇ. ಇದನ್ನು ಓದಿದ ದಿನ ನಾನು ನಿಮ್ಮಮ್ಮನಿಗೆ ರಾತ್ರಿಯೇ ಫೋನ್ ಮಾಡಿದೆ.

ಇನ್ನೊಂದು. ಹನ್ನೆರಡು ವರ್ಷಕ್ಕೆ ಮೊದಲೇ ಲಕ್ಷಣ ಇತ್ತಾ, ಮನೆಯಲ್ಲೂ ಶಾಲೆಯಲ್ಲೂ ಇದೆಯಾ ಅಂತ ಡಾಕ್ಟರ್ ಕೆದಕಿ ಕೆದಕಿ ಕೇಳಿದರು. ನಿಮ್ಮಮ್ಮ ನಿನ್ನ ಒಂದನೇ ಕ್ಲಾಸಿನಿಂದ ಹೇಳುತ್ತಾ ಬಂದಳು. ಆರು ವರ್ಷದ ಕೂಸು ನೆಪ ಕಟ್ಟುತ್ತದಾ ಹೇಳು. ಸೋಮಾರಿಗೆ ಕೆಲಸ ಬಿಟ್ಟರೆ ಆರಾಮ. ನಿನಗೆ ಓದು ಬಿಟ್ಟ ಹೊತ್ತಿನಲ್ಲೂ ಆರಾಮ ಇಲ್ಲ, ಅದು ನಿನ್ನ ಪತ್ರದ ತುಂಬಾ ಇದೆ.

ಹಾಗಂತ ನಿನಗೆ ಯಾವತ್ತೂ ಸೋಮಾರಿತನ ಬರುವುದಿಲ್ಲ ಅಂತ ಅಲ್ಲ. ಬರುತ್ತದೆ, ಎಲ್ಲರಿಗೂ ಬರುತ್ತದೆ. ಅಂಥ ಒಂದು ದಿನ ಬಂದರೆ "ನೋಡು, ನಾನು ಅಂದದ್ದೇ ನಿಜ" ಅಂತ ಉಳಿದ ದಿನಗಳನ್ನೂ ಅದಕ್ಕೇ ಸೇರಿಸಬೇಡ. ನಾನು ಹಾಗೆ ಸೇರಿಸುತ್ತಾ ಸೇರಿಸುತ್ತಾ ಐವತ್ತು ದಾಟಿದೆ.

ಬುದ್ಧಿ ಹೇಳಲು ನನಗೆ ಏನು ಅರ್ಹತೆ ಇದೆಯೋ. ಮಾತ್ರೆಗೆ ಮೊದಲೇ ತಿಂಡಿ ತಿನ್ನು, ಆಮೇಲೆ ಹಸಿವು ಸತ್ತುಹೋಗುತ್ತದೆ ಅಂತ ನೀನೇ ಅಂದಿದ್ದೆ. ಒಂದು ತಟ್ಟೆ ಮಂಡಕ್ಕಿ ಒಗ್ಗರಣೆಯಾದರೂ ಸರಿ. ಗೆಳತಿ ಏನೋ ಅಂದಳು ಅಂತ ನೀನಾಗಿಯೇ ಮಾತ್ರೆ ನಿಲ್ಲಿಸಬೇಡ. ಎರಡು ಪುಟ ಒಟ್ಟಿಗೆ ಓದಬೇಕು ಅಂತ ಕೂರಬೇಡ, ಅರ್ಧ ಪುಟ ಓದಿ ಎದ್ದು ಓಡಾಡು. ನಿಂತು ಓದು, ನಿಮ್ಮಮ್ಮನಿಗೆ ಜೋರಾಗಿ ಓದಿ ಹೇಳು. ಪಾಠವನ್ನೇ ಚಿತ್ರವಾಗಿ ಬರೆದರೆ ಆಗುತ್ತದಾ? ಯುದ್ಧ, ರಾಜರು, ನಕ್ಷೆ ಎಲ್ಲಾ ಬರೆಯುವಂಥವೇ ತಾನೇ. ನನಗೆ ಹೊಳೆದದ್ದು, ಮಾಡಲೇಬೇಕು ಅಂತಿಲ್ಲ. ರಾತ್ರಿ ತೀರಾ ಬೇಜಾರಾಗಿ ಯಾರ ಹತ್ತಿರವೂ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕಿಂತ ಮೊದಲು ನನಗೆ ಮಾಡು, ಎಷ್ಟು ಹೊತ್ತಾಗಿದ್ದರೂ.

ನಿಮ್ಮ ಕ್ಲಾಸ್ ಟೀಚರಿಗೆ ಇನ್ನೂ ಯಾರೂ ಹೇಳಿಲ್ಲ ಅಂತ ಕೇಳಿದೆ. ಹೇಳಬೇಕು. ಮುಂದಿನ ಬೆಂಚಿನಲ್ಲಿ ಕೂರಿಸಿ, ಮನೆಗೆಲಸವನ್ನು ಬೋರ್ಡ್ ಮೇಲೆ ಬರೆಯಿರಿ ಅಂತ ಕೇಳಿದರೆ ಅದೇನು ದೊಡ್ಡ ಬೇಡಿಕೆ ಅಲ್ಲ. ನಿಮ್ಮಮ್ಮನಿಗೆ ಸಂಕೋಚ ಆದರೆ ನಾನು ಬರುತ್ತೇನೆ. ಹೊಸಪೇಟೆ ಮೇಲಿನ ಬೆಳಗಿನ ರೈಲಿಗೆ ಹತ್ತುತ್ತೇನೆ. ಯೂನಿಟ್‌ನಲ್ಲಿ ರಜೆ ಹೇಳಿ ಇಟ್ಟಿದ್ದೇನೆ. ಯಾವ ದಿನ ಟೀಚರ್ ಸಿಗುತ್ತಾರೆ ಅಂತ ಕೇಳಿಕೊಂಡು ತಿಳಿಸು. ಡಾಕ್ಟರ್ ಚೀಟಿಯ ಜೆರಾಕ್ಸ್ ಒಂದು ತೆಗೆಸಿ ಇಟ್ಟುಕೊಂಡಿರಿ.

ನಿನ್ನ
ದೊಡ್ಡವ್ವ